ಯಾವುದು ಕಾಯಬಹುದು, ಯಾವುದು ಕಾಯಲ್ಲ: ಕಾಯಿಲೆಯ ಸುಳಿವು ಹಿಡಿಯುವುದು ಹೇಗೆ

ಕ್ಯಾಶುಯಲ್ಟಿ ಬಾಗಿಲಲ್ಲಿ ನಿಂತು ಬಂದವರನ್ನು ವಿಂಗಡಿಸುವ ನರ್ಸ್ ನಾನು. ಯಾರು ಈಗಲೇ ಒಳಗೆ ಹೋಗಬೇಕು, ಯಾರು ಅರ್ಧ ಗಂಟೆ ಕೂತಿರಬಹುದು, ಯಾರು ನಾಳೆ ಒಪಿಡಿಗೆ ಬಂದರೂ ನಡೆಯುತ್ತದೆ ಅಂತ ನೋಡುವುದು ನನ್ನ ಕೆಲಸ. ಕಾಯಿಲೆ ಯಾವುದು ಅಂತ ಪತ್ತೆ ಹಚ್ಚುವುದು ಡಾಕ್ಟರಿಗೆ ಬಿಟ್ಟಿದ್ದು. ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇವರ ಹತ್ತಿರ ಎಷ್ಟು ಸಮಯ ಇದೆ?

ಮನೆಯಲ್ಲಿರುವವರಿಗೂ ಈ ಪ್ರಶ್ನೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಲಕ್ಷಣಗಳನ್ನು ಮೊಬೈಲಿನಲ್ಲಿ ಹುಡುಕುತ್ತಾ ಹೋದರೆ ಸಣ್ಣ ತಲೆನೋವೂ ಕೊನೆಗೆ ಮೆದುಳಿನ ಗಡ್ಡೆಗೆ ಹೋಗಿ ನಿಲ್ಲುತ್ತದೆ. ಇನ್ನು ಕೆಲವರದು ಬೇರೆ ಲೆಕ್ಕ. ನೋವು ಜೋರಾಗಿದ್ದರೆ ದೊಡ್ಡ ಕಾಯಿಲೆ, ನೋವಿಲ್ಲದಿದ್ದರೆ ಏನೂ ಇಲ್ಲ. ಅದೂ ಸರಿಯಲ್ಲ. ಬಾಗಿಲಲ್ಲಿ ಹೊಟ್ಟೆ ಹಿಡಿದು ಹೊರಳಾಡುವವರಲ್ಲಿ ಬಹಳಷ್ಟು ಮಂದಿ ಕಿಡ್ನಿ ಕಲ್ಲಿನವರು. ನೋವು ಭಯಂಕರ, ನಿಜ. ಆದರೆ ಪಕ್ಕದಲ್ಲಿ ಮಾತಿಲ್ಲದೆ, ಬಿಳಿಚಿಕೊಂಡು, ಬೆವರುತ್ತಾ ಕೂತವರ ಕಡೆ ನನ್ನ ಕಣ್ಣು ಮೊದಲು ಹೋಗುತ್ತದೆ.

ಹಾಗಾಗಿ ಇಲ್ಲಿ ಕಾಯಿಲೆಗಳನ್ನು ಹೃದಯ, ಶ್ವಾಸಕೋಶ, ಕಿಡ್ನಿ ಅಂತ ವಿಂಗಡಿಸಿಲ್ಲ. ಎಷ್ಟು ಹೊತ್ತು ಕಾಯಬಹುದು ಅನ್ನುವುದರ ಮೇಲೆ ವಿಂಗಡಿಸಿದ್ದೇನೆ.

ನಿಮಿಷದ ಲೆಕ್ಕದವು

ಸ್ಟ್ರೋಕ್, ಅಂದರೆ ಲಕ್ವ, ಮೊದಲು. ಮನೆಯವರೇ ಕಂಡುಹಿಡಿಯಬಹುದಾದ ಕಾಯಿಲೆ ಇದು. ರೋಗಿಗೆ ಎಷ್ಟೋ ಸಲ ತನಗೆ ಏನಾಗಿದೆ ಅಂತಲೇ ಗೊತ್ತಿರುವುದಿಲ್ಲ.

ಎದುರಿಗೆ ಕೂರಿಸಿ ಹಲ್ಲು ಕಾಣುವ ಹಾಗೆ ನಗಲು ಹೇಳಿ. ಬಾಯಿ ಒಂದು ಕಡೆಗೆ ಎಳೆದು ಇನ್ನೊಂದು ಕಡೆ ಜೋತು ಬಿದ್ದಿದೆಯಾ ನೋಡಿ. ಆಮೇಲೆ ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲಕ್ಕೆ ಮಾಡಿ, ಕಣ್ಣು ಮುಚ್ಚಿ ಹಿಡಿದುಕೊಳ್ಳಲು ಹೇಳಿ. ನೀವು ನಿಧಾನವಾಗಿ ಹತ್ತರವರೆಗೆ ಎಣಿಸಿ. ಕೈ ದೊಪ್ಪಂತ ಬೀಳಲೇಬೇಕು ಅಂತಿಲ್ಲ. ಅಂಗೈ ಮೆಲ್ಲಗೆ ಒಳಮುಖವಾಗಿ ತಿರುಗುತ್ತದೆ, ಕೈ ಒಂದೆರಡು ಅಂಗುಲ ಕೆಳಗೆ ಜಾರುತ್ತದೆ. ಕಣ್ಣು ಮುಚ್ಚಿರುವುದರಿಂದ ಅವರಿಗೆ ಅದು ತಿಳಿಯುವುದಿಲ್ಲ, ಸರಿಯಾಗೇ ಹಿಡಿದಿದ್ದೀನಲ್ಲ ಅನ್ನುತ್ತಾರೆ. ಮೂರನೆಯದು ಮಾತು. ನೀವು ಹೇಳಿದ ಒಂದು ವಾಕ್ಯವನ್ನು ತಿರುಗಿ ಹೇಳಿಸಿ. ತೊದಲುತ್ತಿದ್ದರೆ, ಪದ ಸಿಗದೆ ತಡಕಾಡುತ್ತಿದ್ದರೆ, ಸಂಬಂಧವಿಲ್ಲದ ಮಾತು ಬಂದರೆ ಅದೂ ಸ್ಟ್ರೋಕಿನ ಗುರುತೇ. ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗುವುದು, ನಿಲ್ಲಲಾರದಷ್ಟು ಓಲಾಡುವುದು ಕೂಡ ಈ ಸಾಲಿಗೇ ಸೇರುತ್ತವೆ.

ಮೂರರಲ್ಲಿ ಒಂದು ಕಂಡರೂ ಸಾಕು, ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ದೊಡ್ಡ ರಕ್ತನಾಳ ಮುಚ್ಚಿಕೊಂಡಿದ್ದರೆ ಕೆಲವರಿಗೆ 24 ಗಂಟೆಯವರೆಗೂ ತಂತಿ ಹಾಕಿ ಹೆಪ್ಪು ತೆಗೆಯುತ್ತಾರೆ. ಆದರೆ ಕಾದಷ್ಟೂ ನಷ್ಟವೇ. ದೊಡ್ಡ ಸ್ಟ್ರೋಕಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಅಂದಾಜು.

ಬಾಗಿಲಲ್ಲಿ ನಾನು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಳ್ಳಿ: "ಇವರು ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ?" ಬೆಳಿಗ್ಗೆ ಆರಕ್ಕೆ ಎದ್ದಾಗಲೇ ಬಾಯಿ ಸೊಟ್ಟಗಿತ್ತು ಅಂದರೆ ಲೆಕ್ಕ ಆರು ಗಂಟೆಯಿಂದ ಶುರುವಾಗುವುದಿಲ್ಲ. ರಾತ್ರಿ ಹತ್ತಕ್ಕೆ ಸರಿಯಾಗಿ ಮಾತಾಡಿ ಮಲಗಿದ್ದರೆ ಹತ್ತು ಗಂಟೆಯಿಂದಲೇ ಶುರು. ಊಹೆ ಮಾಡಿ ಹೇಳಬೇಡಿ, ಗೊತ್ತಿದ್ದಷ್ಟೇ ಹೇಳಿ. ದಾರಿಯಲ್ಲಿ ನೀರು, ಊಟ, ಮಾತ್ರೆ ಏನೂ ಕೊಡಬೇಡಿ. ನುಂಗುವ ಶಕ್ತಿ ಹೋಗಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ. ಆಗಿರುವುದು ಹೆಪ್ಪೋ ರಕ್ತಸ್ರಾವವೋ ಅಂತ ಸ್ಕ್ಯಾನ್ ಮಾಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಅಂತ ವಾಪಸ್ ಹೊರಟವರನ್ನು ಕೂರಿಸಿಕೊಳ್ಳುವುದೇ ನನಗೆ ಅತಿ ಕಷ್ಟದ ಕೆಲಸ. ಬಂದು ಹೋಗುವ ಸ್ಟ್ರೋಕು ಮುನ್ಸೂಚನೆ. ಅದರ ನಂತರ ದೊಡ್ಡದು ಬರುವ ಅಪಾಯ ಮುಂದಿನ ಎರಡು ದಿನ ಎಲ್ಲಕ್ಕಿಂತ ಜಾಸ್ತಿ.

ಹೃದಯಾಘಾತದ ವಿಷಯಕ್ಕೆ ಬಂದರೆ, ಸಿನಿಮಾದಲ್ಲಿ ಎದೆ ಹಿಡಿದು ಬೀಳುವ ದೃಶ್ಯವನ್ನು ಮರೆತುಬಿಡಿ. ನಿಜವಾಗಿ ಬರುವವರಲ್ಲಿ ಎಷ್ಟೋ ಮಂದಿ ನೋವು ಅನ್ನುವ ಮಾತನ್ನೇ ಆಡುವುದಿಲ್ಲ. "ಎದೆ ಭಾರ", "ಹಿಂಡಿದ ಹಾಗೆ", "ಉರಿ", "ಗ್ಯಾಸ್ ಇರಬೇಕು" ಅನ್ನುತ್ತಾರೆ. ನಾನು ಅವರ ಕೈ ನೋಡುತ್ತೇನೆ. ಒಂದು ಬೆರಳಿಟ್ಟು ಇಲ್ಲೇ ಚುಚ್ಚುತ್ತದೆ ಅಂತ ತೋರಿಸುವವರಿಗಿಂತ, ಎದೆಯ ಮಧ್ಯೆ ಪೂರ್ತಿ ಅಂಗೈ ಅಥವಾ ಮುಷ್ಟಿ ಇಟ್ಟು ತೋರಿಸುವವರ ಬಗ್ಗೆ ನನಗೆ ಚಿಂತೆ ಜಾಸ್ತಿ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ, ಬರೀ ಸುಳಿವು. ನೋವು ಎಡಗೈಗೆ, ಎರಡೂ ಕೈಗೆ, ದವಡೆಗೆ, ಕುತ್ತಿಗೆಗೆ, ಬೆನ್ನಿಗೆ ಹರಡಬಹುದು. ಜೊತೆಗೆ ತಣ್ಣನೆಯ ಬೆವರು, ವಾಕರಿಕೆ, ಉಸಿರು ಕಟ್ಟುವುದು. ಮಹಿಳೆಯರಲ್ಲಿ, ವಯಸ್ಸಾದವರಲ್ಲಿ, ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಎದೆನೋವು ಇಲ್ಲದೆಯೂ ಬರುತ್ತದೆ. ಕಾರಣವಿಲ್ಲದ ಸುಸ್ತು, ದಮ್ಮು, ಬೆವರು, ಅಷ್ಟೇ.

ತೇಗು ಬಂದು ಹಗುರಾಯಿತು ಅಂದ ಮಾತ್ರಕ್ಕೆ ಗ್ಯಾಸ್ ಅಂತ ತೀರ್ಮಾನ ಮಾಡಬೇಡಿ. ನಡೆದಾಗ ಬಂದು ನಿಂತಾಗ ಕೆಲವು ನಿಮಿಷದಲ್ಲಿ ಹೋಗುವ ಎದೆಬಿಗಿತ ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ನೋವು, ಇರಬಹುದು. ಅದು ಹೊಸದಾಗಿ ಶುರುವಾಗಿದ್ದರೆ ಅಥವಾ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದರೆ ತಡ ಮಾಡದೆ ತೋರಿಸಿ. ಕೂತಿದ್ದಾಗಲೂ ಬಂದು ಹದಿನೈದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಬರಬೇಡಿ, ಮೆಟ್ಟಿಲು ಹತ್ತಬೇಡಿ. ಇನ್ನೊಂದು ಮಾತು: ಮೊದಲ ಇಸಿಜಿ ಸರಿಯಾಗಿ ಬಂದರೂ ಹೃದಯಾಘಾತ ಇಲ್ಲ ಅಂತ ಹೇಳಲಾಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಇಸಿಜಿ ಮಾಡಿ, ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆ ಮಾಡುತ್ತಾರೆ. ಸುಮ್ನೆ ಬಿಲ್ ಏರಿಸೋಕೆ ಮಾಡ್ತಾರೆ ಅಂತ ಮುನಿಸಿಕೊಂಡು ಎದ್ದು ಹೋಗಬೇಡಿ.

ನಿಮಿಷದ ಲೆಕ್ಕದ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಉಬ್ಬಸ ಇರುವವರು ಒಂದು ವಾಕ್ಯ ಪೂರ್ತಿ ಹೇಳಲಾಗದೆ ಎರಡೆರಡು ಪದಕ್ಕೆ ಉಸಿರು ತೆಗೆದುಕೊಳ್ಳುತ್ತಿದ್ದರೆ. ಔಷಧಿ, ಆಹಾರ ಅಥವಾ ಕೀಟ ಕಚ್ಚಿದ ನಂತರ ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ. ಜೀವಮಾನದಲ್ಲೇ ಕಾಣದಂಥ ತಲೆನೋವು ಸಿಡಿಲಿನಂತೆ ಬಂದರೆ. ಒಂದೇ ಕಾಲು ಊದಿ ನೋಯುತ್ತಿದ್ದು, ಆಮೇಲೆ ಇದ್ದಕ್ಕಿದ್ದಂತೆ ದಮ್ಮು ಬಂದರೆ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ (ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅಷ್ಟು ಅಂಟು, ಆ ಕೆಟ್ಟ ವಾಸನೆ ಇರುವುದಿಲ್ಲ). ಫಿಟ್ಸ್ ಐದು ನಿಮಿಷ ದಾಟಿದರೆ. ಫಿಟ್ಸ್ ಬಂದವರ ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ತಲೆಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳಿ, ಅದುರುವುದು ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ.

ಒಂದೆರಡು ದಿನದಲ್ಲಿ ಕೈ ಮೀರುವವು

ಜ್ವರ ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಜ್ವರದಲ್ಲಿ ಆ ವ್ಯಕ್ತಿ ಹೇಗಿದ್ದಾರೆ ಅನ್ನುವುದು ಮುಖ್ಯ. 103 ಡಿಗ್ರಿ ಇದ್ದರೂ ಮಾತಾಡಿಕೊಂಡು, ನೀರು ಕುಡಿದುಕೊಂಡು, ಮೂತ್ರ ಸರಿಯಾಗಿ ಹೋಗುತ್ತಿರುವವರು ಒಂದು ಕಡೆ. 100 ಡಿಗ್ರಿ ಮಾತ್ರ ಇದ್ದು, ಉಸಿರು ಜೋರಾಗಿ, ಕೈಕಾಲು ತಣ್ಣಗಾಗಿ, ಗೊಂದಲದ ಮಾತಾಡುತ್ತಾ, ಬೆಳಿಗ್ಗೆಯಿಂದ ಮೂತ್ರವೇ ಹೋಗದವರು ಇನ್ನೊಂದು ಕಡೆ. ಎರಡನೆಯದು ಸೆಪ್ಸಿಸ್ ಇರಬಹುದು. ಸೋಂಕು ದೇಹ ಪೂರ್ತಿ ಹದಗೆಡಿಸುತ್ತಿರುವ ಸ್ಥಿತಿ ಅದು. ರಾತ್ರಿಯಾಗಿದ್ದರೂ ಬೆಳಗಾಗಲಿ ಅಂತ ಕಾಯುವಂಥದ್ದಲ್ಲ.

ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜಿ ಇವತ್ತು ಮೊಮ್ಮಗನನ್ನು ಗುರುತಿಸುತ್ತಿಲ್ಲ ಅಂದರೆ "ವಯಸ್ಸಾಯ್ತು, ಮರೆವು" ಅಂತ ಬಿಡಬೇಡಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಒಂದೇ ದಿನದಲ್ಲಿ ಬಂದ ಗೊಂದಲಕ್ಕೆ ಬೇರೆ ಕಾರಣ ಇರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ.

ಮಕ್ಕಳ ವಿಷಯದಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಮಗು ಸಿಕ್ಕಾಪಟ್ಟೆ ನೀರು ಕುಡಿಯುತ್ತಿದೆ, ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಮಾಡುತ್ತಿದೆ, ತೆಳ್ಳಗಾಗುತ್ತಿದೆ ಅಂದರೆ ಅವತ್ತೇ ಶುಗರ್ ಪರೀಕ್ಷೆ ಮಾಡಿಸಿ. ಟೈಪ್ 1 ಡಯಾಬಿಟಿಸ್ ಹೀಗೇ ಶುರುವಾಗುತ್ತದೆ. ಅದಕ್ಕೆ ವಾಂತಿ, ಹೊಟ್ಟೆನೋವು, ಆಳವಾದ ಉಸಿರಾಟ ಸೇರಿದರೆ ಅದು ತುರ್ತು. ಹೊಟ್ಟೆನೋವು ಅಂತ ಹುಳದ ಔಷಧಿ ಕೊಟ್ಟು ಕೂರುವ ಸಮಯ ಅಲ್ಲ.

ವಾರಗಟ್ಟಲೆ ಉಳಿದುಕೊಂಡವು

ಕೆಮ್ಮು, ಬಾಯಿಹುಣ್ಣು, ದನಿ ಒಡೆಯುವುದು, ಹೊಟ್ಟೆ ಕೆಡುವುದು ಎಲ್ಲರಿಗೂ ಬರುತ್ತವೆ, ಹೋಗುತ್ತವೆ. ಹೋಗದೆ ಉಳಿದರೆ ಮಾತ್ರ ಎಚ್ಚರ. ಕ್ಯಾಲೆಂಡರಿನಲ್ಲಿ ಶುರುವಾದ ದಿನಕ್ಕೆ ಒಂದು ಚುಕ್ಕೆ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ಚುಕ್ಕೆ ಇಲ್ಲದಿದ್ದರೆ ಆರು ವಾರದ ಕೆಮ್ಮೂ "ಮೊನ್ನೆಯಿಂದ" ಅಂತಲೇ ಆಗುತ್ತದೆ.

ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಜೊತೆಗಿದ್ದರೆ ಕ್ಷಯದ ಅನುಮಾನ ಇನ್ನೂ ಜಾಸ್ತಿ. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಬಗ್ಗೆ ಪ್ರಕಟಿಸಿದ್ದು 1882ರಲ್ಲಿ. ಈಗ ಸಾಮಾನ್ಯ ಕ್ಷಯ ಆರು ತಿಂಗಳ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುತ್ತದೆ. ಆದರೂ ಹೆಸರು ಕೇಳಿ ಬಚ್ಚಿಡುವವರು ಇನ್ನೂ ಇದ್ದಾರೆ. ಎರಡು ತಿಂಗಳಿಗೆ ಆರಾಮಾಯಿತು ಅಂತ ಮಾತ್ರೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಬರಬಹುದು.

ಮೂರು ವಾರವಾದರೂ ಮಾಯದ ಬಾಯಿಹುಣ್ಣು ಅಥವಾ ಬಾಯೊಳಗಿನ ಬಿಳಿ, ಕೆಂಪು ಮಚ್ಚೆ. ಮೂರು ವಾರವಾದರೂ ಸರಿಹೋಗದ ಒಡಕು ದನಿ. ನುಂಗುವಾಗ ಸಿಕ್ಕಿಕೊಂಡ ಹಾಗಾಗುವುದು. ಸ್ತನದಲ್ಲಿ, ಕುತ್ತಿಗೆಯಲ್ಲಿ, ಎಲ್ಲೇ ಆಗಲಿ ಹೊಸ ಗಂಟು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತಸ್ರಾವ. ನೋವಿಲ್ಲದೆ ಮೂತ್ರದಲ್ಲಿ ರಕ್ತ. ಮಲವಿಸರ್ಜನೆಯ ರೂಢಿಯೇ ಬದಲಾಗುವುದು. ಪ್ರಯತ್ನವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕ ನೂರಕ್ಕೆ ಐದು ಪಾಲು ಇಳಿಯುವುದು, ಅಂದರೆ 60 ಕೆಜಿ ಇದ್ದವರು 57 ಆಗುವುದು. ಇವೆಲ್ಲ ಕ್ಯಾನ್ಸರೇ ಅಂತಲ್ಲ. ಹೀಗೆ ಬರುವವರಲ್ಲಿ ಬಹಳ ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಅಲ್ಲ ಅಂತ ಪರೀಕ್ಷೆಯೇ ಹೇಳಬೇಕು. "ನೋವಿಲ್ಲ, ಅದಕ್ಕೇ ಬಿಟ್ಟೆ" ಅನ್ನುವ ಮಾತು ನನಗೆ ಕೇಳಿ ಕೇಳಿ ಸಾಕಾಗಿದೆ. ಶುರುವಿನ ಹಂತದ ಗಂಟು ಎಷ್ಟೋ ಸಲ ನೋಯುವುದೇ ಇಲ್ಲ.

ಮನಸ್ಸಿನದನ್ನೂ ಇಲ್ಲೇ ಹೇಳಬೇಕು. ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಹಸಿವಿಲ್ಲ, ತಾನು ಯಾರಿಗೂ ಬೇಡ ಅನ್ನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತುಂಬಿದ ಹಾಗಾಗುತ್ತೆ ಅನ್ನುವ ಹೆದರಿಕೆ ಸುಳ್ಳು. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಕರೆದುಕೊಂಡು ಬನ್ನಿ.

ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವವು

ಬಿಪಿ, ಶುಗರ್, ಕಿಡ್ನಿ. ಇವು ಲಕ್ಷಣದಿಂದ ಸಿಕ್ಕಿಬೀಳುವ ಕಾಯಿಲೆಗಳಲ್ಲ. "ನನಗೆ ಬಿಪಿ ಏರಿದರೆ ಗೊತ್ತಾಗುತ್ತೆ, ಕತ್ತು ನೋಯುತ್ತೆ" ಅನ್ನುವವರನ್ನು ದಿನಾ ನೋಡುತ್ತೇನೆ. ಗೊತ್ತಾಗಲ್ಲ. ಅಳೆಯಬೇಕು, ಸರಿಯಾಗಿ ಅಳೆಯಬೇಕು.

ಹೇಗೆ ಅಂತ ಕೇಳಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಮಾಡಿ ಬನ್ನಿ. ತುಂಬಿದ ಮೂತ್ರಕೋಶವೂ ಬಿಪಿ ಏರಿಸುತ್ತದೆ. ಬೆನ್ನು ಒರಗುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಹಾಕಬೇಡಿ, ಪಾದ ನೆಲಕ್ಕೆ ತಾಗಿರಲಿ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಕೈ ಕೆಳಗೆ ಜೋತು ಬಿದ್ದಿದ್ದರೆ ಅಂಕಿ ಜಾಸ್ತಿ ಬರುತ್ತದೆ. ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಬೇಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಅಂಕಿ ಸುಳ್ಳೇ ಏರುತ್ತದೆ. ಅಳೆಯುವಾಗ ಮಾತಾಡಬೇಡಿ, ಮೊಬೈಲ್ ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಿರಿ, ಎರಡನ್ನೂ ಬರೆಯಿರಿ. ಮೊದಲ ಸಲ ಎರಡೂ ತೋಳಲ್ಲಿ ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಿ.

ಹೀಗೆ ಬೆಳಿಗ್ಗೆ, ಸಂಜೆ ಒಂದು ವಾರ ಮಾಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ 135/85, ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಜಾಸ್ತಿ ಮತ್ತೆ ಮತ್ತೆ ಬಂದರೆ ಬಿಪಿ ಇದೆ ಅಂತ ಲೆಕ್ಕ. ಕೆಲವು ದೇಶಗಳಲ್ಲಿ 130/80ಕ್ಕೇ ಎಚ್ಚರಿಸುತ್ತಾರೆ. ಮನೆಯಲ್ಲಿ ಒಮ್ಮೆ 150 ಬಂತು ಅಂತ ರಾತ್ರಿ ಹನ್ನೆರಡಕ್ಕೆ ಓಡಿ ಬರಬೇಕಿಲ್ಲ. 180/120 ದಾಟಿದ್ದು, ಜೊತೆಗೆ ಎದೆನೋವು, ದಮ್ಮು, ಕಣ್ಣು ಮಂಜು, ಗೊಂದಲ ಇದ್ದರೆ ಮಾತ್ರ ಓಡಿ ಬನ್ನಿ.

ಶುಗರಿಗೆ ಹೆಚ್ಚು ಬಾಯಾರಿಕೆ, ಪದೇ ಪದೇ ಮೂತ್ರ, ಮಾಯದ ಗಾಯ ಅಂತ ಎಲ್ಲರಿಗೂ ಗೊತ್ತು. ಆದರೆ ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು, ಆಗಲೇ ಮೂತ್ರ, ಬಾಯಾರಿಕೆ ಜಾಸ್ತಿ ಆಗುವುದು. ಅದಕ್ಕಿಂತ ಕೆಳಗೆ ವರ್ಷಗಟ್ಟಲೆ ಏನೂ ತಿಳಿಯದೆ ಇರಬಹುದು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಇಲ್ಲವೇ ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆ ಅಳೆಯುವ ಎಚ್‌ಬಿಎ1ಸಿ 6.5 ಅಥವಾ ಮೇಲೆ ಬಂದರೆ ಡಯಾಬಿಟಿಸ್. ಲಕ್ಷಣ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಪರೀಕ್ಷೆಗೆ ಮುಂಚೆ ಎರಡು ದಿನ ಪಥ್ಯ ಮಾಡಿ ಅದಕ್ಕೆ ಮೋಸ ಮಾಡಲಾಗುವುದಿಲ್ಲ, ಅಲ್ವಾ? ರಕ್ತಹೀನತೆ ಇದ್ದರೆ ಮಾತ್ರ ಈ ಅಂಕಿ ತಪ್ಪು ತೋರಿಸಬಹುದು, ಅದನ್ನು ಡಾಕ್ಟರಿಗೆ ಹೇಳಿ.

ಶುಗರ್ ಇಳಿಯುವುದು ಏರುವುದಕ್ಕಿಂತ ಬೇಗ ಅಪಾಯ ತರುತ್ತದೆ. 70ಕ್ಕಿಂತ ಕೆಳಗಿಳಿದರೆ ನಡುಕ, ಬೆವರು, ಹಸಿವು, ಸಿಡುಕು. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವ ಶಾಂತ ಸ್ವಭಾವದವರು ಇದ್ದಕ್ಕಿದ್ದಂತೆ ಜಗಳಕ್ಕೆ ನಿಂತರೆ ಮೊದಲು ಶುಗರ್ ನೋಡಿ. ಎಚ್ಚರ ಇದ್ದರೆ ಮೂರ್ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

ಕಿಡ್ನಿ ಮೂರೂ ಪೈಕಿ ಅತಿ ಮೌನಿ. ಕಾಲು ಊತ, ವಾಕರಿಕೆ ಬರುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಬಿಪಿ ಅಥವಾ ಶುಗರ್ ಇರುವವರು ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಕೇಳಿ ಮಾಡಿಸಿ: ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್. ಕ್ರಿಯಾಟಿನಿನ್ ಎದುರು ನಾರ್ಮಲ್ ಅಂತ ಇದ್ದರೂ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ಎಷ್ಟು ಅಂತ ಕೇಳಿ. ಮಾಂಸಖಂಡ ಕಡಿಮೆ ಇರುವ ವಯಸ್ಸಾದವರಲ್ಲಿ ಕ್ರಿಯಾಟಿನಿನ್ ಸುಳ್ಳು ಧೈರ್ಯ ಕೊಡುತ್ತದೆ. ಇಜಿಎಫ್‌ಆರ್ ಮೂರು ತಿಂಗಳಾದರೂ 60ರ ಕೆಳಗೇ ಇದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. ಅಂಥವರು ಮಂಡಿನೋವಿಗೆ ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ನುಂಗುವುದನ್ನು ಬಿಡಬೇಕು.

ಹೃದಯ ದುರ್ಬಲವಾಗಿದೆ ಅಂತ ಗೊತ್ತಿರುವವರಿಗೆ ಸ್ಟೆತಸ್ಕೋಪಿಗಿಂತ ತೂಕದ ಯಂತ್ರ ಬೇಗ ಸುದ್ದಿ ಕೊಡುತ್ತದೆ. ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಒಂದು ದಿಂಬಿನಲ್ಲಿ ಮಲಗುತ್ತಿದ್ದವರಿಗೆ ಈಗ ಮೂರು ದಿಂಬು ಬೇಕಾಗಿದೆಯಾ ಅದನ್ನೂ ಹೇಳಿ. ಡಾಕ್ಟರಿಗೆ ಅದು ದೊಡ್ಡ ಮಾಹಿತಿ.

ಥೈರಾಯ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ತೂಕ ಏರುವುದು ಒಂದು ಕಡೆ. ನಡುಕ, ಎದೆಬಡಿತ, ತೂಕ ಇಳಿಯುವುದು ಇನ್ನೊಂದು ಕಡೆ. ಟಿಎಸ್‌ಎಚ್ ಪರೀಕ್ಷೆ ಮಾಡಿಸಿದರೆ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

ಬರುವಾಗ ಏನು ತರಬೇಕು

ಒಂದು ಹಾಳೆ ಸಾಕು. ಏನು ತೊಂದರೆ, ಯಾವತ್ತಿನಿಂದ, ಹೆಚ್ಚಾಗುತ್ತಿದೆಯೋ ಇಲ್ಲವೋ. ಮೊದಲೇ ಇರುವ ಕಾಯಿಲೆಗಳು, ಆದ ಆಪರೇಷನ್‌ಗಳು. ಆಗದ ಔಷಧಿ ಯಾವುದು, ತೆಗೆದುಕೊಂಡಾಗ ಏನಾಗಿತ್ತು. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ಅಮ್ಮ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಅದನ್ನೂ ಬರೆಯಿರಿ. ಮಾತ್ರೆಗಳ ಹೆಸರು ನೆನಪಿಲ್ಲದಿದ್ದರೆ "ಬಿಳಿ ಮಾತ್ರೆ, ಅರ್ಧ" ಅಂತ ಹೇಳಬೇಡಿ, ಖಾಲಿಯಾದ ಪಟ್ಟಿಗಳನ್ನೂ ಸೇರಿಸಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹಾಳೆಯ ಮೇಲ್ತುದಿಯಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ. ತಲೆಗೆ ಸಣ್ಣ ಪೆಟ್ಟು ಬಿದ್ದು ಬಂದಿದ್ದರೂ ಆ ಒಂದು ಸಾಲು ನೋಡಿದರೆ ನಾನು ನಿಮ್ಮನ್ನು ಬೆಂಚಿನ ಮೇಲೆ ಕಾಯಿಸುವುದಿಲ್ಲ.